ಒಂದೇ ಒಲೆ, ಒಂದೇ ಪಂಕ್ತಿ: ಮಧುಮೇಹಿಗಳ ರಾತ್ರಿಯೂಟ

ವೀರಶೈವ ಧರ್ಮದ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಇಷ್ಟಲಿಂಗಕ್ಕೆ ಅರ್ಪಿತವಾದ ಮೇಲೆ ಅನ್ನವು ಬರಿಯ ಅನ್ನವಾಗಿ ಉಳಿಯುವುದಿಲ್ಲ, ಅದು ಪ್ರಸಾದವಾಗುತ್ತದೆ. ಆದ್ದರಿಂದಲೇ ನಮ್ಮ ಹಿರಿಯರು ಗಂಗಾಳದಲ್ಲಿ ಒಂದು ಅಗುಳನ್ನೂ ಬಿಡುತ್ತಿರಲಿಲ್ಲ. ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದೂ ಇದೇ ಭಾವನೆಯ ಮುಂದುವರಿಕೆ. ಇಂತಹ ಮನೆಯೊಳಗೆ ಮಧುಮೇಹ ಕಾಲಿಟ್ಟು, ವೈದ್ಯರು “ರೊಟ್ಟಿ ಕಡಿಮೆ ಮಾಡಿ, ಅನ್ನ ಬಿಡಿ” ಎಂದು ಹೇಳಿದಾಗ ಎರಡು ಸಂಕಟಗಳು ಒಟ್ಟಿಗೆ ಎದುರಾಗುತ್ತವೆ. ಎಲ್ಲರಿಗೂ ಒಂದು ಅಡುಗೆ, ರೋಗಿಗೊಂದು ಅಡುಗೆ ಎಂದು ಎರಡು ಬಾರಿ ಒಲೆ ಹಚ್ಚುವುದು ಮೊದಲನೆಯದು. ಪಂಕ್ತಿಯಿಂದ ಬೇರೆಯಾಗಿ ಕುಳಿತು ರುಚಿಯಿಲ್ಲದ್ದನ್ನು ಉಣ್ಣುವ ರೋಗಿಯ ಮನಸ್ಸು ಕುಗ್ಗುವುದು ಎರಡನೆಯದು. ಈ ಎರಡರ ಕಾರಣದಿಂದ ಹೆಚ್ಚಿನ ಮನೆಗಳಲ್ಲಿ ಪಥ್ಯವು ತಿಂಗಳೊಪ್ಪತ್ತಿನಲ್ಲಿ ಮುರಿದುಬೀಳುವುದನ್ನು ನಾವು ಕಂಡಿದ್ದೇವೆ. ಪಂಕ್ತಿಯನ್ನು ಮುರಿಯದೆ ಪಥ್ಯವನ್ನು ಉಳಿಸಿಕೊಳ್ಳುವ ಬಗೆಯನ್ನು ಈ ಲೇಖನದಲ್ಲಿ ಸದ್ಭಕ್ತರ ಮುಂದಿಡಲು ಬಯಸುತ್ತೇವೆ.

ಪಿಷ್ಟ ಎಂದರೇನು?

ಜೋಳ, ಅಕ್ಕಿ, ಗೋಧಿ, ರಾಗಿ, ಸಜ್ಜೆ, ನವಣೆ ಮುಂತಾದ ಧಾನ್ಯಗಳಲ್ಲಿರುವ ಮುಖ್ಯ ದ್ರವ್ಯವೇ ಪಿಷ್ಟ. ಪಿಷ್ಟ ಮತ್ತು ಸಕ್ಕರೆಗಳನ್ನು ಒಟ್ಟಾಗಿ ಕಾರ್ಬೋಹೈಡ್ರೇಟ್ ಎಂದು ಕರೆಯುತ್ತಾರೆ. ಪಿಷ್ಟವು ಜೀರ್ಣವಾದ ಮೇಲೆ ಗ್ಲೂಕೋಸ್ ಆಗಿ ರಕ್ತವನ್ನು ಸೇರುತ್ತದೆ. ಇನ್ಸುಲಿನ್ ಎಂಬ ರಸವು ಆ ಗ್ಲೂಕೋಸನ್ನು ಜೀವಕೋಶಗಳ ಒಳಗೆ ಸೇರಿಸುತ್ತದೆ. ಮಧುಮೇಹಿಯಲ್ಲಿ ಈ ರಸವು ಸಾಲದೆ ಹೋಗುತ್ತದೆ, ಅಥವಾ ಇದ್ದರೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಗ್ಲೂಕೋಸ್ ರಕ್ತದಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಒಂದು ಹೊತ್ತಿನಲ್ಲಿ ಒಳಗೆ ಹೋಗುವ ಪಿಷ್ಟವನ್ನು ಮಿತಗೊಳಿಸಿದರೆ ಊಟದ ನಂತರ ಏರುವ ಸಕ್ಕರೆಯ ಅಂಶವೂ ಮಿತಗೊಳ್ಳುತ್ತದೆ. ಅಲ್ಪಪಿಷ್ಟ ಆಹಾರಕ್ರಮದ ತಿರುಳು ಇಷ್ಟೇ.

ಇದು ನಿನ್ನೆ ಮೊನ್ನೆಯ ವಿಚಾರವಲ್ಲ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತನು ರೊಟ್ಟಿ, ಸಕ್ಕರೆ, ಆಲೂಗಡ್ಡೆಗಳನ್ನು ಬಿಟ್ಟು ತನ್ನ ಸ್ಥೂಲದೇಹವನ್ನು ಇಳಿಸಿಕೊಂಡ ಬಗೆಯನ್ನು 1863ರಲ್ಲಿಯೇ ಒಂದು ಕಿರುಪುಸ್ತಕವಾಗಿ ಅಚ್ಚು ಮಾಡಿಸಿದ್ದನು. 1921ರಲ್ಲಿ ಕೆನಡಾದ ಟೊರೊಂಟೊ ನಗರದಲ್ಲಿ ಇನ್ಸುಲಿನ್ ಕಂಡುಹಿಡಿಯುವವರೆಗೂ ಪಾಶ್ಚಾತ್ಯ ವೈದ್ಯರ ಕೈಯಲ್ಲಿ ಮಧುಮೇಹಕ್ಕೆ ಇದ್ದ ಮುಖ್ಯ ಉಪಾಯವೂ ಆಹಾರದ ಕಟ್ಟುಪಾಡೇ ಆಗಿತ್ತು.

ಆಯುರ್ವೇದದ ದೃಷ್ಟಿ

ನಮ್ಮ ಶಾಸ್ತ್ರವು ಪ್ರಮೇಹವನ್ನು ಇಪ್ಪತ್ತು ವಿಧವೆಂದು ಎಣಿಸಿದೆ. ಕೂತಲ್ಲೇ ಕೂರುವ ಸುಖ, ಅತಿ ನಿದ್ರೆ, ಮೊಸರು, ಹಾಲು, ಹೊಸ ಧಾನ್ಯ, ಬೆಲ್ಲದ ಪದಾರ್ಥಗಳು, ಕಫವನ್ನು ಹೆಚ್ಚಿಸುವ ಇತರ ಆಹಾರಗಳು ಇವೇ ಅದಕ್ಕೆ ಕಾರಣಗಳೆಂದು ಚರಕಾಚಾರ್ಯರು ಹೇಳಿದ್ದಾರೆ. ಅತಿಪೋಷಣೆಯಿಂದ ಹುಟ್ಟುವ ರೋಗಗಳ ಸಾಲಿನಲ್ಲಿ ಪ್ರಮೇಹಕ್ಕೆ ಸ್ಥಾನವಿದೆ. ಪ್ರಮೇಹಿಗೆ ಜವೆಗೋಧಿಯೇ ಮುಖ್ಯ ಆಹಾರವಾಗಬೇಕೆಂಬುದು ಅವರ ವಿಧಾನ. ಸುಶ್ರುತರು ಹುಟ್ಟಿನಿಂದ ಬರುವ ಪ್ರಮೇಹ, ಅಪಥ್ಯದಿಂದ ಬರುವ ಪ್ರಮೇಹ ಎಂದು ಎರಡು ಬಗೆ ಮಾಡಿ, ಎರಡನೆಯದಕ್ಕೆ ವ್ಯಾಯಾಮ ಹಾಗೂ ದೂರದ ನಡಿಗೆಯನ್ನು ಬಲವಾಗಿ ಹೇಳಿದ್ದಾರೆ.

ಇಲ್ಲಿ ಓದುಗರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಚರಕಾಚಾರ್ಯರು ಪ್ರಮೇಹಿಗಳಲ್ಲಿ ಸ್ಥೂಲ ಹಾಗೂ ಬಲಶಾಲಿಯನ್ನು ಬೇರೆ, ಕೃಶ ಹಾಗೂ ದುರ್ಬಲನನ್ನು ಬೇರೆ ಎಂದು ವಿಂಗಡಿಸಿದ್ದಾರೆ. ಸ್ಥೂಲನಿಗೆ ಶೋಧನ, ಕೃಶನಿಗೆ ಪೋಷಣೆ. ಆದುದರಿಂದ ಪಕ್ಕದ ಮನೆಯ ದಪ್ಪ ಮೈಯವರಿಗೆ ಒಪ್ಪಿದ ಪಥ್ಯವನ್ನು ಎಲುಬು ಕಾಣುವಷ್ಟು ಸೊರಗಿದ ಮಧುಮೇಹಿಯು ಅನುಸರಿಸುವುದು ಶಾಸ್ತ್ರಸಮ್ಮತವಲ್ಲ. ಅಂಥವರಲ್ಲಿ ತೂಕ ಇಳಿಯುತ್ತಿರುವ ಕಾರಣವನ್ನು ಮೊದಲು ಪರೀಕ್ಷಿಸಬೇಕು.

ಗಂಗಾಳದ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದ ಸಮೀಕ್ಷೆಯೊಂದರ ಫಲಿತಾಂಶವು 2023ರಲ್ಲಿ ಪ್ರಕಟವಾಯಿತು. ಅದರಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ, ಸುಮಾರು 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ. ನಾವು ಪಡೆಯುವ ಶಕ್ತಿಯಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಪಾಲು ಪಿಷ್ಟ ಮತ್ತು ಸಕ್ಕರೆಗಳಿಂದಲೇ ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಮಾರ್ಗಸೂಚಿಯು ಧಾನ್ಯಗಳಿಂದ ಬರುವ ಶಕ್ತಿಯನ್ನು ನೂರಕ್ಕೆ 45ಕ್ಕೆ ಮಿತಗೊಳಿಸಿ, ಕಾಳು, ತರಕಾರಿ, ಎಣ್ಣೆಬೀಜಗಳ ಪಾಲನ್ನು ಹೆಚ್ಚಿಸಲು ಹೇಳುತ್ತದೆ. ಇದು ರೋಗಿಗಳಿಗೆ ಮಾತ್ರ ಹೇಳಿದ್ದಲ್ಲ, ಆರೋಗ್ಯವಂತರಿಗೂ ಹೇಳಿದ್ದು.

ನಮ್ಮ ಭಾಗದಲ್ಲಿ ಒಂದು ತಪ್ಪು ನಂಬಿಕೆ ಬೇರೂರಿದೆ. ಅನ್ನ ತಿಂದರೆ ಸಕ್ಕರೆ ಏರುತ್ತದೆ, ಜೋಳದ ರೊಟ್ಟಿಯನ್ನು ಎಷ್ಟು ತಿಂದರೂ ಏರುವುದಿಲ್ಲ ಎಂಬುದೇ ಆ ನಂಬಿಕೆ. ಸಿರಿಧಾನ್ಯಗಳ ಪ್ರಚಾರ ಹೆಚ್ಚಿದ ಮೇಲೆ ನವಣೆಯ ಅನ್ನದ ಬಗೆಗೂ ಇದೇ ಮಾತು ಕೇಳಿಬರುತ್ತಿದೆ. ಲೆಕ್ಕವನ್ನು ನೋಡೋಣ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ, ಜೋಳದಲ್ಲಿ 68 ಗ್ರಾಂ, ರಾಗಿಯಲ್ಲಿ 67 ಗ್ರಾಂ, ಗೋಧಿ ಹಿಟ್ಟಿನಲ್ಲಿ 64 ಗ್ರಾಂ, ಸಜ್ಜೆಯಲ್ಲಿ 62 ಗ್ರಾಂ, ನವಣೆಯಲ್ಲಿ 60 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಜೋಳ, ಸಜ್ಜೆ, ರಾಗಿಗಳಲ್ಲಿ ನಾರಿನ ಅಂಶವು ಅಕ್ಕಿಗಿಂತ ಮೂರು ಪಟ್ಟಿಗೂ ಹೆಚ್ಚು. ಹೀಗಾಗಿ ಅವು ಶ್ರೇಷ್ಠವೆಂಬುದು ನಿಜ. ಆದರೆ ಅವು ಪಿಷ್ಟರಹಿತವಲ್ಲ. ನವಣೆಯನ್ನು ವಾಗ್ಭಟಾಚಾರ್ಯರು ಗುರು ಹಾಗೂ ಬೃಂಹಣ, ಅಂದರೆ ಜಡ ಹಾಗೂ ಮೈ ತುಂಬಿಸುವಂಥದ್ದು, ಎಂದೇ ಹೇಳಿದ್ದಾರೆ. ಧಾನ್ಯವನ್ನು ಬದಲಿಸಿದ ಮಾತ್ರಕ್ಕೆ ಪ್ರಮಾಣದ ಕಟ್ಟು ಸಡಿಲವಾಗುವುದಿಲ್ಲ.

ಹದವಾದ ಒಂದು ಬಿಸಿ ರೊಟ್ಟಿಗೆ ಸುಮಾರು 50 ಗ್ರಾಂ ಹಿಟ್ಟು ಬೇಕು. ಅಂದರೆ ಒಂದು ರೊಟ್ಟಿಯಲ್ಲಿ 34 ಗ್ರಾಂ ಪಿಷ್ಟ. ರಾತ್ರಿ ಮೂರು ರೊಟ್ಟಿ, ಅದರ ಮೇಲೆ 70 ಗ್ರಾಂ ಅಕ್ಕಿಯ ಅನ್ನ ಉಂಡವರಿಗೆ ಒಂದೇ ಹೊತ್ತಿನಲ್ಲಿ ಸುಮಾರು 157 ಗ್ರಾಂ ಪಿಷ್ಟವಾಯಿತು. ಅಲ್ಪಪಿಷ್ಟ ಕ್ರಮವೆಂದು ಸಾಮಾನ್ಯವಾಗಿ ಕರೆಯುವುದು ಇಡೀ ದಿನಕ್ಕೆ 130 ಗ್ರಾಂಗಿಂತ ಕಡಿಮೆ ಇರುವುದನ್ನು. ಅದೇ ಮನುಷ್ಯನು ಒಂದು ರೊಟ್ಟಿ, ಒಂದು ಬಟ್ಟಲು ಹೆಸರುಕಾಳಿನ ಪಲ್ಯ, ಧಾರಾಳವಾಗಿ ಸೊಪ್ಪು ಮತ್ತು ಹಸಿ ತರಕಾರಿ, ಒಂದು ಲೋಟ ಮಜ್ಜಿಗೆ ತೆಗೆದುಕೊಂಡರೆ ಮೊತ್ತವು 60 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಹೊಟ್ಟೆಯೂ ಬರಿದಾಗುವುದಿಲ್ಲ. ದಿನಕ್ಕೆ 50 ಗ್ರಾಂಗಿಂತ ಕಡಿಮೆ ಪಿಷ್ಟದ ಕಠಿಣ ಕ್ರಮಗಳನ್ನು ಈಗ ಕೆಲವರು ಮೊಬೈಲಿನಲ್ಲಿ ನೋಡಿ ಆರಂಭಿಸುತ್ತಾರೆ. ವೈದ್ಯರ ನಿಗಾ ಇಲ್ಲದೆ ಅವುಗಳಿಗೆ ಕೈಹಾಕಬಾರದು.

ಅಡುಗೆ ಒಂದೇ, ಬಡಿಸುವ ಪ್ರಮಾಣ ಬೇರೆ

ಎಲ್ಲರಿಗೂ ಒಪ್ಪುವ ಅಡುಗೆಯನ್ನು ಒಂದೇ ಬಾರಿ ಮಾಡಿ, ಗಂಗಾಳದಲ್ಲಿ ಪ್ರಮಾಣವನ್ನು ಬದಲಿಸುವುದೇ ಸರಿಯಾದ ದಾರಿ. ಹೊಲದಲ್ಲಿ ದುಡಿದು ಬಂದ ಮಗನಿಗೆ ನಾಲ್ಕು ರೊಟ್ಟಿ ಬೇಕು. ಬೆಳೆಯುವ ಮಕ್ಕಳಿಗೂ ಬಾಣಂತಿಗೂ ಧಾನ್ಯ ಬೇಕು. ಮಧುಮೇಹಿಯಾದ ತಂದೆಗೆ ಒಂದು ರೊಟ್ಟಿ ಸಾಕು. ಒಲೆಯ ಮೇಲಿನ ಪಾತ್ರೆ ಒಂದೇ, ಪಂಕ್ತಿಯೂ ಒಂದೇ.

ಇದಕ್ಕೆ ಅಡುಗೆಮನೆಯಲ್ಲಿ ಕೆಲವು ಬದಲಾವಣೆಗಳು ಬೇಕಾಗುತ್ತವೆ. ಮೊದಲನೆಯದಾಗಿ, ಪಲ್ಯದ ಪಾತ್ರೆ ದೊಡ್ಡದಾಗಬೇಕು. ಈಗ ನಮ್ಮ ಮನೆಗಳಲ್ಲಿ ರೊಟ್ಟಿ ಮುಖ್ಯ, ಪಲ್ಯವು ನೆಂಚಿಕೊಳ್ಳಲು ಮಾತ್ರ. ಮಧುಮೇಹಿಗೆ ಪಲ್ಯವೇ ಊಟ, ರೊಟ್ಟಿ ನೆಂಚಿಕೆಯಾಗಬೇಕು. ಮೆಂತ್ಯ, ರಾಜಗಿರಿ, ಸಬ್ಬಸಿಗೆ, ಪಾಲಕ್, ಪುಂಡಿ ಸೊಪ್ಪುಗಳು, ಬದನೆ, ಹೀರೆ, ಹಾಗಲ, ಸೌತೆಕಾಯಿಗಳು ನೂರು ಗ್ರಾಂಗೆ ಐದು ಗ್ರಾಂನಷ್ಟೂ ಪಿಷ್ಟವಿಲ್ಲದ ತರಕಾರಿಗಳು. ಇವು ಎಲ್ಲರಿಗೂ ಹಿತ. ಆಲೂಗಡ್ಡೆಯ ಪಲ್ಯ ಮಾಡಿದ ದಿನ ಜೊತೆಗೆ ಒಂದು ಸೊಪ್ಪಿನ ಪಲ್ಯವೂ ಇರಲಿ.

ಎರಡನೆಯದಾಗಿ, ಕಾಳುಗಳು ದಿನವೂ ಇರಲಿ. ಹೆಸರು, ಮಡಿಕೆ, ಅಲಸಂದಿ, ಹುರುಳಿ, ಕಡಲೆಗಳಲ್ಲಿ ಪಿಷ್ಟವಿದ್ದರೂ ಪ್ರೋಟೀನು ಮತ್ತು ನಾರು ಹೆಚ್ಚಿರುವುದರಿಂದ ಸಕ್ಕರೆ ನಿಧಾನವಾಗಿ ಏರುತ್ತದೆ. ಮೊಳಕೆ ಕಟ್ಟಿ ಬೇಯಿಸಿದರೆ ಜೀರ್ಣಕ್ಕೂ ಸುಲಭ. ಕಡಲೆಹಿಟ್ಟಿನ ಜುಣಕವೂ ಆಗಬಹುದು. ಮಾಂಸಾಹಾರವಿಲ್ಲದ ನಮ್ಮ ಮನೆಗಳಲ್ಲಿ ರೊಟ್ಟಿ ಕಡಿಮೆ ಮಾಡಿ ಆ ಜಾಗಕ್ಕೆ ಕಾಳನ್ನು ತರದಿದ್ದರೆ ಮೈಕಟ್ಟು ಸವೆಯುತ್ತದೆ.

ಮೂರನೆಯದಾಗಿ, ಕೂಡ್ಲಿಗಿ, ಕೊಟ್ಟೂರು ಸೀಮೆಯ ಸಂಪತ್ತಾದ ಶೇಂಗಾವನ್ನು ಮರೆಯಬಾರದು. ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳು ಅಲ್ಪಪಿಷ್ಟದ ಉತ್ತಮ ವ್ಯಂಜನಗಳು. ಆದರೆ ಒಂದು ಗ್ರಾಂ ಪಿಷ್ಟದಿಂದ 4 ಕ್ಯಾಲರಿ ಬಂದರೆ ಒಂದು ಗ್ರಾಂ ಎಣ್ಣೆಯಿಂದ 9 ಕ್ಯಾಲರಿ ಬರುತ್ತದೆ. ಎರಡು ಚಮಚ ಪುಡಿ, ಒಂದು ಹಿಡಿ ಶೇಂಗಾ ಸಾಕು. ರೊಟ್ಟಿ ಬಿಟ್ಟೆನೆಂದು ಪಲ್ಯದ ಮೇಲೆ ಎಣ್ಣೆ ತೇಲಿಸಿದರೆ ತೂಕ ಇಳಿಯುವುದಿಲ್ಲ.

ನಾಲ್ಕನೆಯದಾಗಿ, ಹಿಟ್ಟಿನ ಉಂಡೆಯನ್ನು ಒಮ್ಮೆ ತಕ್ಕಡಿಯಲ್ಲಿ ತೂಗಿ ನೋಡಿರಿ. ಒಂದು ಬಾರಿ ಕಣ್ಣಳತೆ ಸಿಕ್ಕರೆ ಮತ್ತೆ ತೂಗುವ ಅಗತ್ಯವಿಲ್ಲ. ಖಡಕ್ ರೊಟ್ಟಿಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅದು ತೆಳುವೆಂದು ಮಾತನಾಡುತ್ತಲೇ ನಾಲ್ಕೈದು ಮುರಿದು ತಿಂದುಬಿಡುತ್ತಾರೆ. ಮೆಂತ್ಯ ಅಥವಾ ಸಬ್ಬಸಿಗೆ ಸೊಪ್ಪನ್ನು ಧಾರಾಳವಾಗಿ ಬೆರೆಸಿ ತಟ್ಟಿದರೆ ಅದೇ ಗಾತ್ರದ ರೊಟ್ಟಿಗೆ ಹಿಟ್ಟು ಕಡಿಮೆ ಸಾಕಾಗುತ್ತದೆ, ರುಚಿಯೂ ಹೆಚ್ಚುತ್ತದೆ.

ಉಣ್ಣುವ ಕ್ರಮಕ್ಕೂ ಮಹತ್ವವಿದೆ. ಮೊದಲು ಹಸಿ ತರಕಾರಿ ಹಾಗೂ ಪಲ್ಯ, ನಂತರ ಕಾಳು, ಕೊನೆಗೆ ರೊಟ್ಟಿ ಅಥವಾ ಅನ್ನ ತೆಗೆದುಕೊಂಡರೆ ಊಟದ ನಂತರದ ಸಕ್ಕರೆ ಅಷ್ಟು ಜಿಗಿಯುವುದಿಲ್ಲ ಎಂಬುದನ್ನು ಅಮೆರಿಕದ ವೈದ್ಯರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೋರಿಸಿದ್ದಾರೆ. ರಾತ್ರಿ ಮೊಸರು ಬೇಡವೆಂಬುದು ಚರಕರ ನಿಯಮ. ಅದರ ಬದಲು ಬೆಣ್ಣೆ ತೆಗೆದ ತಿಳಿ ಮಜ್ಜಿಗೆಗೆ ಜೀರಿಗೆ, ಶುಂಠಿ ಬೆರೆಸಿ ಕುಡಿಯಬಹುದು. ಸಂಜೆಯ ಲಿಂಗಪೂಜೆ ಮುಗಿದ ಕೂಡಲೇ ಊಟಕ್ಕೆ ಕುಳಿತುಕೊಳ್ಳುವ ಹಳೆಯ ರೂಢಿಯು ಮಲಗುವ ಮುನ್ನ ಜೀರ್ಣಕ್ಕೆ ಸಮಯ ನೀಡುತ್ತಿತ್ತು. ಉಂಡ ಬಳಿಕ ನೂರು ಹೆಜ್ಜೆ ನಡೆಯಬೇಕೆಂದು ಸುಶ್ರುತರು ಹೇಳಿದ್ದಾರೆ; ಮಧುಮೇಹಿಗಳು ಅದನ್ನು ಹದಿನೈದು ನಿಮಿಷಕ್ಕೆ ಹೆಚ್ಚಿಸಿಕೊಳ್ಳಲಿ.

ಮೂರು ರಾತ್ರಿಗಳ ಮಾದರಿ

ಮೊದಲ ರಾತ್ರಿ: ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಳಕೆ ಮಡಿಕೆಕಾಳಿನ ಪಲ್ಯ, ಸೌತೆಕಾಯಿ, ಮೆಂತ್ಯ ಸೊಪ್ಪಿನ ಹಸಿ ಪಚಡಿ, ಮಜ್ಜಿಗೆ. ಮಧುಮೇಹಿಗೆ ರೊಟ್ಟಿ ಒಂದು, ಪಲ್ಯಗಳು ಎರಡು ಪಟ್ಟು. ಉಳಿದವರಿಗೆ ರೊಟ್ಟಿ ಬೇಕಾದಷ್ಟು, ಕೊನೆಗೆ ಅನ್ನ.

ಎರಡನೆಯ ರಾತ್ರಿ: ರಾಗಿ ಮುದ್ದೆ, ಹುರುಳಿಕಾಳಿನ ಸಾರು, ಬೆರಕೆ ಸೊಪ್ಪಿನ ಪಲ್ಯ. ಮಧುಮೇಹಿಗೆ ಚಿಕ್ಕ ನಿಂಬೆಹಣ್ಣಿನ ಎರಡರಷ್ಟು ಮುದ್ದೆ ಮಾತ್ರ. ಬೆಂದ ಹುರುಳಿಕಾಳನ್ನು ಸಾರಿನಿಂದ ಎತ್ತಿ, ಈರುಳ್ಳಿಯ ಒಗ್ಗರಣೆ ಕೊಟ್ಟು ಬಟ್ಟಲು ತುಂಬ ನೀಡಬೇಕು.

ಮೂರನೆಯ ರಾತ್ರಿ: ಅನ್ನ, ತೊಗರಿಬೇಳೆ ಸಾರು, ಹೀರೇಕಾಯಿ ಪಲ್ಯ, ಹೆಸರುಬೇಳೆ ಕೋಸಂಬರಿ. ಮಧುಮೇಹಿಗೆ ಕೋಸಂಬರಿ ಹಾಗೂ ಪಲ್ಯ ಮೊದಲು. ಗಟ್ಟಿ ಬೇಳೆ ಒಂದು ಬಟ್ಟಲು. ಅನ್ನವು ಒಂದು ಸಣ್ಣ ಸೌಟಿನಷ್ಟು, ಕೊನೆಗೆ ಮಜ್ಜಿಗೆಯೊಡನೆ.

ಮೂರು ದಿನವೂ ಬೇರೆ ಪಾತ್ರೆ ಒಲೆಗೇರಲಿಲ್ಲ ಎಂಬುದನ್ನು ಗಮನಿಸಿರಿ.

ಅಡುಗೆ ಮಾಡುವ ತಾಯಿಯೇ ರೋಗಿಯಾದಾಗ

ಮನೆಯ ಯಜಮಾನನಿಗೆ ಮಧುಮೇಹವಿದ್ದರೆ ಹೆಂಡತಿ, ಸೊಸೆಯರು ಪಥ್ಯವನ್ನು ನೋಡಿಕೊಳ್ಳುತ್ತಾರೆ. ಅಡುಗೆ ಮಾಡುವ ತಾಯಿಗೇ ಬಂದರೆ ನೋಡಿಕೊಳ್ಳುವವರು ಯಾರು? ಕೊಟ್ಟೂರಿನ ಸಮೀಪದ ಹಳ್ಳಿಯೊಂದರಿಂದ ಐವತ್ತೆರಡು ವಯಸ್ಸಿನ ತಾಯಿಯೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಒಂಬತ್ತು ಜನರ ಮನೆ. ಎಂಟು ವರ್ಷಗಳಿಂದ ಮಧುಮೇಹ. ಎಲ್ಲರಿಗೂ ಬಡಿಸಿ ರಾತ್ರಿ ಹತ್ತಕ್ಕೆ ಉಣ್ಣುವ ರೂಢಿ. ಹರಿದ ರೊಟ್ಟಿ, ಮಿಕ್ಕ ಅನ್ನ ಅವರ ಪಾಲು. ಪಲ್ಯವು ಅಷ್ಟರಲ್ಲಿ ತಳ ಕಂಡಿರುತ್ತಿತ್ತು. ಪ್ರಸಾದವನ್ನು ಚೆಲ್ಲಬಾರದೆಂಬ ಭಕ್ತಿಯೇ ಅವರ ದೇಹಕ್ಕೆ ಭಾರವಾಗಿತ್ತು.

ಸಕ್ಕರೆ ಬಹಳ ಏರಿದೆ ಎಂದು ತಿಳಿದಾಗ ಅವರು ಯಾರನ್ನೂ ಕೇಳದೆ ರಾತ್ರಿಯ ರೊಟ್ಟಿಯನ್ನೇ ಬಿಟ್ಟು, ಎರಡು ಸೌತೆಕಾಯಿ ತಿಂದು ಮಜ್ಜಿಗೆ ಕುಡಿದು ಮಲಗತೊಡಗಿದರು. “ರೊಟ್ಟಿ ಬಿಟ್ರ ಮೈಯಾಗ ಶಕ್ತಿ ಎಲ್ಲಿಂದ ಬರಬೇಕವ್ವಾ” ಎಂದು ಅತ್ತೆಯವರು ಗದರಿದರೂ ಕೇಳಲಿಲ್ಲ. ಆದರೆ ಊಟಕ್ಕೆ ಮುಂಚೆ ನುಂಗುವ ಗ್ಲಿಮಿಪಿರೈಡ್ ಮಾತ್ರೆಯನ್ನು ಎಂದಿನಂತೆಯೇ ನುಂಗುತ್ತಿದ್ದರು. ಐದನೆಯ ರಾತ್ರಿ ಎರಡು ಗಂಟೆಗೆ ಮೈಯೆಲ್ಲ ಬೆವರಿ, ಕೈಕಾಲು ನಡುಗಿ, ಮಾತು ತೊದಲಿತು. ಮನೆಯವರು ಎದೆಯ ಬೇನೆಯೆಂದು ಗಾಬರಿಯಾದರು. ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗಳಿಗೆ ವಿಷಯ ತಿಳಿದಿತ್ತು. ಅವಳು ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದಳು. ಕಾಲು ಗಂಟೆಯಲ್ಲಿ ಅವರು ಚೇತರಿಸಿಕೊಂಡರು.

ಮರುದಿನ ಬಂದಾಗ ನಾವು ಮೊದಲು ಅವರನ್ನು ಮಾತ್ರೆ ಬರೆದುಕೊಟ್ಟ ವೈದ್ಯರ ಬಳಿಗೆ ಕಳುಹಿಸಿದೆವು. ಅವರು ಪ್ರಮಾಣವನ್ನು ಇಳಿಸಿದರು. ಬಳಿಕ ಅತ್ತೆ, ಇಬ್ಬರು ಸೊಸೆಯರು ಹಾಗೂ ಮೊಮ್ಮಗಳನ್ನು ಕರೆಸಿ ನಾಲ್ಕು ಮಾತುಗಳನ್ನು ಹೇಳಿದೆವು. ಪಲ್ಯ ಇಳಿಸಿದ ಕೂಡಲೇ ಅವ್ವನ ಪಾಲನ್ನು ಬಟ್ಟಲಿಗೆ ತೆಗೆದು ಮುಚ್ಚಿಡಬೇಕು. ಅಕ್ಕಿಯನ್ನು ಅಂದಾಜಿಗೆ ಹಾಕದೆ ಪಾವಿನಲ್ಲಿ ಅಳೆದು ಹಾಕಬೇಕು, ಮಿಗುವಂತಿರಬಾರದು. ಮಿಕ್ಕರೆ ಮುಗಿಸುವ ಹೊಣೆ ಅವ್ವನದಲ್ಲ. ರೊಟ್ಟಿ ಬಡಿಯುವ ಸರದಿಯನ್ನು ಸೊಸೆಯರು ಹಂಚಿಕೊಂಡು, ಅವ್ವ ಎಂಟು ಗಂಟೆಗೆ ಪಂಕ್ತಿಯಲ್ಲಿ ಕುಳಿತುಕೊಳ್ಳಬೇಕು. ಮೂರು ತಿಂಗಳ ನಂತರ ರಕ್ತಪರೀಕ್ಷೆಯಲ್ಲಿ ಸುಧಾರಣೆ ಕಂಡಿತು. ಅದಕ್ಕಿಂತ ಹೆಚ್ಚಾಗಿ, ಮೂವತ್ತು ವರ್ಷಗಳ ಬಳಿಕ ಎಲ್ಲರ ಜೊತೆ ಕುಳಿತು ಉಣ್ಣುತ್ತಿದ್ದೇನೆ ಎಂದು ಆ ತಾಯಿ ಹೇಳಿದರು. ಇಂತಹ ತಾಯಂದಿರು ನಮ್ಮ ಪ್ರತಿ ಊರಿನಲ್ಲಿಯೂ ಇದ್ದಾರೆ. ಓದುಗರು ತಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಅವರ ಗಂಗಾಳದಲ್ಲಿ ಏನು ಉಳಿದಿರುತ್ತದೆ ಎಂಬುದನ್ನು ಇಂದೇ ನೋಡಬೇಕು.

ಜಾತ್ರೆ, ಹಬ್ಬ, ಬೀಗರೂಟ

ಉಜ್ಜಿನಿಯ ರಥೋತ್ಸವ, ಶಿಖರ ತೈಲಾಭಿಷೇಕ, ಕೊಟ್ಟೂರಿನ ಶ್ರೀ ಗುರುಬಸವೇಶ್ವರ ರಥೋತ್ಸವ, ಮೈಲಾರದ ಕಾರಣಿಕ ಎಂದರೆ ಮನೆತುಂಬ ನೆಂಟರು, ಹೋಳಿಗೆ, ಮಂಡಕ್ಕಿ ಮೆಣಸಿನಕಾಯಿ. ಮಂಡಕ್ಕಿ ಹಗುರವಾಗಿ ಕಂಡರೂ ಅದು ಅಕ್ಕಿಯೇ. ಸಕ್ಕರೆಯನ್ನು ಬೇಗ ಏರಿಸುತ್ತದೆ. ದಾಸೋಹದಲ್ಲಿ ಪ್ರಸಾದವನ್ನು ಬೇಡವೆನ್ನುವುದು ಹೇಗೆ ಎಂದು ಹಲವರು ಕೇಳುತ್ತಾರೆ. ಬೇಡವೆನ್ನಬೇಕಾಗಿಲ್ಲ. ಪ್ರಸಾದದ ಮಹಿಮೆ ಅಳತೆಯಲ್ಲಿಲ್ಲ. ಒಂದು ತುತ್ತು ಸಿಹಿಯನ್ನು ಭಕ್ತಿಯಿಂದ ಸ್ವೀಕರಿಸಿ, ಸಾಕೆಂದು ಕೈಮುಗಿದರೆ ಅಪಚಾರವಿಲ್ಲ. ನೀಡಿಸಿಕೊಂಡು ಬಿಡುವುದಕ್ಕಿಂತ ನೀಡಿಸಿಕೊಳ್ಳುವಾಗಲೇ ಮಿತವಾಗಿರುವುದು ಧರ್ಮಕ್ಕೂ ಆರೋಗ್ಯಕ್ಕೂ ಒಪ್ಪುವ ನಡೆ. ಬಡಿಸುವವರೂ ಒತ್ತಾಯದ ಉಪಚಾರವನ್ನು ಬಿಡಬೇಕು. ಹೋಳಿಗೆ ಉಂಡ ದಿನ ಅನ್ನ, ರೊಟ್ಟಿಗಳನ್ನು ಕೈಬಿಟ್ಟು, ಕೋಸಂಬರಿ, ಪಲ್ಯಗಳಿಂದ ಊಟ ಪೂರೈಸಬಹುದು.

ಮರೆಯಬಾರದ ಎಚ್ಚರಿಕೆಗಳು

ಇನ್ಸುಲಿನ್ ಚುಚ್ಚುಮದ್ದು ಅಥವಾ ಗ್ಲಿಮಿಪಿರೈಡ್, ಗ್ಲಿಕ್ಲಜೈಡ್ ಮುಂತಾದ ಮಾತ್ರೆ ಪಡೆಯುವವರು ಪಿಷ್ಟವನ್ನು ಇಳಿಸುವ ಮೊದಲೇ ವೈದ್ಯರಿಗೆ ತಿಳಿಸಿ ಪ್ರಮಾಣವನ್ನು ಹೊಂದಿಸಿಕೊಳ್ಳಬೇಕು. ಸಕ್ಕರೆಯ ಅಂಶ 70ಕ್ಕಿಂತ ಕೆಳಗಿಳಿದರೆ ಅಪಾಯ. ಬೆವರು, ನಡುಕ, ಎದೆಬಡಿತ, ಮಂಕು ಕಂಡಾಗ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕೊಟ್ಟು, ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳನ್ನು ತೆಗೆದುಕೊಳ್ಳುವವರು ಪಿಷ್ಟವನ್ನು ತೀರ ಕಡಿಮೆ ಮಾಡಿದರೆ ರಕ್ತದಲ್ಲಿ ಆಮ್ಲ ಹೆಚ್ಚುವ ಭಯವಿದೆ. ಆಗ ಸಕ್ಕರೆ ಹೆಚ್ಚಿಲ್ಲದಿದ್ದರೂ ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಬಹುದು. ಗರ್ಭಿಣಿಯರು, ಬಾಣಂತಿಯರು, ಮಕ್ಕಳು, ಬಾಲ್ಯದಿಂದಲೇ ಇನ್ಸುಲಿನ್ ಮೇಲಿರುವವರು ತಾವಾಗಿಯೇ ಈ ಕ್ರಮವನ್ನು ಅನುಸರಿಸಬಾರದು. ಮೂತ್ರಪಿಂಡದ ತೊಂದರೆ ಇರುವವರು ಕಾಳಿನ ಪ್ರಮಾಣವನ್ನು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು. ಸಕ್ಕರೆ ಇಳಿಯಿತೆಂದು ಮಾತ್ರೆಯನ್ನು ತಾವೇ ನಿಲ್ಲಿಸುವುದು, ಚೂರ್ಣ ಕಷಾಯಗಳನ್ನು ನಂಬಿ ಇನ್ಸುಲಿನ್ ಬಿಡುವುದು ಎರಡೂ ತಪ್ಪು. ಆಯುರ್ವೇದದ ವೈದ್ಯರಾಗಿಯೇ ನಾವು ಈ ಮಾತನ್ನು ಒತ್ತಿ ಹೇಳುತ್ತೇವೆ.

ಪಥ್ಯವೆಂದರೆ ಶಿಕ್ಷೆಯಲ್ಲ, ಪಥಕ್ಕೆ, ಅಂದರೆ ದೇಹದ ದಾರಿಗೆ ಹಿತವಾದುದು ಎಂದು ಅದರ ಅರ್ಥ. ಒಬ್ಬರ ಪಥ್ಯವನ್ನು ಮನೆಯವರೆಲ್ಲರೂ ಕೂಡಿ ನಡೆಸಿದರೆ ಅದು ವರ್ಷಗಟ್ಟಲೆ ನಿಲ್ಲುತ್ತದೆ. ಪಲ್ಯದ ಪಾತ್ರೆ ದೊಡ್ಡದಾಗಲಿ, ರೊಟ್ಟಿಯ ಲೆಕ್ಕ ಕಣ್ಣಿಗೆ ತಿಳಿದಿರಲಿ, ಪಂಕ್ತಿಯಲ್ಲಿ ಅಡುಗೆ ಮಾಡಿದ ತಾಯಿಗೂ ಮಣೆ ಇರಲಿ. ಸರ್ವರಿಗೂ ಆರೋಗ್ಯ ಲಭಿಸಲೆಂದು ಹಾರೈಸುತ್ತೇವೆ.